ಯೀಸ್ಟಿಗೊಂದು ಕೂಗು

"ಯಾರೂ ಸದ್ದು ಮಾಡ್ಬೇಡಿ!" ಎಂದು ಸುನ್ನಿವಾ ತುಟಿಯ ಮೇಲೆ ಬೆರಳಿಟ್ಟಿದ್ದೇ ತಡ, ಗುನ್‌ವೋರಜ್ಜಿ ಯೀಸ್ಟಿನ ಬಟ್ಟಲನ್ನು ಪೀಪಾಯಿಯ ಬಾಯಿಂದ ಹಿಂದಕ್ಕೆ ಎಳೆದುಕೊಂಡಳು. "ಬೀರಿಗೆ ಯೀಸ್ಟ್ ಹಾಕುವಾಗ ಸುಮ್ನಿರೋದಾ? ಯಾವೂರವಳೇ ನೀನು? ಇಲ್ಲಿರೋರೆಲ್ಲ ಗಂಟಲು ಹರಿಯೋ ಹಾಗೆ ಕೂಗ್ಬೇಕು. ಒಬ್ರು ಬಾಯಿ ಮುಚ್ಕೊಂಡ್ರೂ ಬೀರು ಸಪ್ಪೆ."

ಸುನ್ನಿವಾ ಓಸ್ಲೋ ನಗರದ ಟಿವಿ ನಿರ್ದೇಶಕಿ. ಮನೆಯಲ್ಲೇ ಬೀರು ಮಾಡುವವರ ರಿಯಾಲಿಟಿ ಶೋ ಅವಳ ಒಂದು ವರ್ಷದ ಕನಸು. ಇವತ್ತು ಹಳ್ಳಿಯ ಈ ಅಜ್ಜಿಯ ಮನೆಯಲ್ಲಿ ಅದರ ಮಾದರಿ ಕಂತಿನ ಚಿತ್ರೀಕರಣ. ಕೋಟಿನ ಗುಂಡಿಯನ್ನೂ ಬಿಚ್ಚದೆ ಬಾಗಿಲ ಬಳಿ ನಿಂತಿದ್ದ ಚಾನೆಲ್ ಮುಖ್ಯಸ್ಥ ಹೋಕುನ್ ಬೆಳಗಿನಿಂದ ಆಡಿದ್ದು ಒಂದೇ ಮಾತು: "ಬೀರು ಮಾಡೋದಂದ್ರೆ ಬರೀ ಪಾತ್ರೆ ತೊಳೆಯೋದು, ಅದನ್ನ ಯಾರು ನೋಡ್ತಾರಮ್ಮ?"

ಹತ್ತು ವರ್ಷ ಚಿತ್ರೀಕರಣದಲ್ಲಿ ಎಲ್ಲರನ್ನೂ ಸುಮ್ಮನಿರಿಸಿಯೇ ಬದುಕಿದ್ದ ಸುನ್ನಿವಾ ಇಲಿಯಂತೆ ಕೀಚ್ ಎಂದಳು. "ಇದಕ್ಕೆ ನಮ್ಮನೆ ಬೆಕ್ಕು ಎದ್ದು ಬರುತ್ತೆ, ಅಷ್ಟೆ," ಎಂದಳು ಅಜ್ಜಿ. ವರ್ಷವಿಡೀ "ನೋಡೋಣ, ನೋಡೋಣ" ಎಂದು ಸತಾಯಿಸಿದ ಹೋಕುನನ ಮುಖವನ್ನೊಮ್ಮೆ ನೋಡಿದ ಸುನ್ನಿವಾ, ಅಟ್ಟದ ಧೂಳು ಉದುರುವಂತೆ ಕಿರುಚಿದಳು. ಮೈಕಿನವನು ಹೆಡ್‌ಫೋನ್ ಕಿತ್ತು ತಾನೂ ಕೂಗಿದ, ಕ್ಯಾಮೆರಾದವಳೂ ಕೂಗಿದಳು. ಆದರೂ ಅಜ್ಜಿ ಬಟ್ಟಲು ಬಗ್ಗಿಸಲಿಲ್ಲ. "ಆ ಕೋಟಿನವನದು ಇನ್ನೂ ಬಾಕಿ."

ಹೋಕುನ್ ಗಡಿಯಾರ ನೋಡಿದ, ಪೀಪಾಯಿ ನೋಡಿದ. ಆಮೇಲೆ ಕೊರಳ ಗುಂಡಿ ಬಿಚ್ಚಿ ಎಂಥಾ ಕೂಗು ಹಾಕಿದನೆಂದರೆ, ಕೊಟ್ಟಿಗೆಯ ದನಗಳೆಲ್ಲ ಓಗೊಟ್ಟವು. ಆ ಕೂಗು ನಿಲ್ಲುವ ಮೊದಲೇ ಅಜ್ಜಿ ಯೀಸ್ಟ್ ಸುರಿದಳು. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಗುತ್ತಿರುವಾಗ, ಅವನು ಸುನ್ನಿವಾಳ ಕಿವಿಯ ಬಳಿ ಬಂದು ಪಿಸುಗುಟ್ಟಿದ: "ನಂದು ಅಷ್ಟು ಸರಿಯಾಗಿ ಬರ್ಲಿಲ್ಲ. ಮುಂದಿನ ಬೀರು ಯಾವತ್ತು ಮಾಡ್ತಾರೆ?"