ನಮ್ಮನೆ ಲಕ್ಷ್ಮಿ

ಮದುವೆಯಾಗಿ ಆರು ವರ್ಷವಾದರೂ ಮಡಿಲು ತುಂಬದ ಶಾಂಭವಿಯನ್ನು ಅತ್ತೆ ಶನಿವಾರ ತಪ್ಪದೆ ಅರಳಿಕಟ್ಟೆ ಸುತ್ತಿಸುತ್ತಿದ್ದರು. ನಷ್ಟವಾಗಿ ಅಂಗಡಿ ಬಾಗಿಲು ಹಾಕಿದ ಮೇಲೆ ಗಂಡನಿಗೆ ಬಿಡುವೋ ಬಿಡುವು. ಶಾಂಭವಿ ಮಾತ್ರ ನರ್ಸಿಂಗ್ ಹೋಮಿನ ಪಾಳಿ ಮುಗಿಸಿ, ಕಾಲು ಮರಗಟ್ಟಿದ್ದರೂ ಬಂದು ಮರ ಸುತ್ತಬೇಕು.

ಪಕ್ಕದ ಮನೆಯ ಕಮಲಾಕ್ಷಮ್ಮ ಕಟ್ಟೆಯ ಮೇಲೆ ಕೂತಿದ್ದರು. "ಇನ್ನೂ ಏನೂ ವಿಶೇಷ ಇಲ್ವೇನೇ?"

ಶಾಂಭವಿ ಬಾಯಿ ತೆರೆಯುವ ಮೊದಲೇ ಅತ್ತೆಯ ಕಣ್ಣು ಒದ್ದೆಯಾಯಿತು. "ಮೊಮ್ಮಗೂನ ಎತ್ಕೊಳ್ಳೋ ಪುಣ್ಯ ನಾನು ಪಡ್ಕೊಂಡು ಬಂದಿಲ್ಲ ಬಿಡಿ."

"ಮಗನಿಗೆ ಇನ್ನೊಂದು ಮದುವೆ ಮಾಡಬಹುದಿತ್ತಲ್ರೀ."

"ಬಿಡ್ತು ಅನ್ನಿ. ಇವಳು ನಮ್ಮನೆ ಲಕ್ಷ್ಮಿ. ಇವಳನ್ನ ಬಿಟ್ಟುಕೊಡೋ ಮಾತೇ ಇಲ್ಲ."

"ಇಂಥ ಅತ್ತೆ ಸಿಗೋಕೆ ಪುಣ್ಯ ಮಾಡಿರಬೇಕು ಕಣೇ," ಎಂದರು ಕಮಲಾಕ್ಷಮ್ಮ. ಶಾಂಭವಿ ತಲೆಯಾಡಿಸಿದಳು. ತಲೆಯಾಡಿಸಿ ಆಡಿಸಿ ಅದು ಈಗ ತಾನಾಗಿಯೇ ಆಡುತ್ತಿತ್ತು.

ಮನೆಗೆ ಬಂದು ಕಾಲು ತೊಳೆದುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಳು. "ಅತ್ತೆ, ನಂಗೆ ಮೂವತ್ತೈದು ತುಂಬ್ತು. ಒಂದು ಮಗು ಬೇಕು ಅನ್ಸುತ್ತೆ."

"ನಂಗೇನು ಬೇಡ್ವಾ?" ಅತ್ತೆ ಅವಳ ತಲೆ ಸವರಿದರು. ಒಂದು ಲೋಟ ನೀರು ತಂದು ಕೈಗಿಟ್ಟರು, ಅವಳು ಕುಡಿದು ಮುಗಿಸುವ ತನಕ ಎದುರಿಗೇ ನಿಂತರು.

"ನೀನು ಬಾಣಂತಿಯಾಗಿ ಮನೇಲಿ ಕೂತ್ರೆ ಸಂಬಳ ತರೋರು ಯಾರು? ಅವನಿಗೊಂದು ದುಡಿಮೆ ಅಂತ ಆಗೋವರೆಗೂ ಮಕ್ಕಳಾಗದ ಮಾತ್ರೆ ತಪ್ಪಿಸೋ ಹಾಗಿಲ್ಲ. ನುಂಗಿದ್ಯಾ? ಎಲ್ಲಿ, ಬಾಯಿ ತೆಗಿ, ನಾಲಿಗೆ ಎತ್ತು."