ಪಾವಗಡಕ್ಕೆ ಹೋದ ಇಬ್ಬರು

ಆ ಹುಡುಗಿ ತೇಜಸ್ವಿನಿಯ ಗಂಡನ ಮಣಿಕಟ್ಟು ಹಿಡಿದುಕೊಂಡಿದ್ದಳು.

ತೇಜಸ್ವಿನಿ ಊಟದ ಡಬ್ಬಿ ಹಿಡಿದು ಅಂಗಡಿಯ ಮೆಟ್ಟಿಲ ಮೇಲೇ ನಿಂತುಬಿಟ್ಟಳು. ಒಳಗೆ, ಬಿಚ್ಚಿಟ್ಟ ಜೆರಾಕ್ಸ್ ಮೆಷಿನ್ನಿನ ಮುಂದೆ ತಿಮ್ಮರಾಜು ನೆಲದ ಮೇಲೆ ಕೂತಿದ್ದ. ಶೃತಿ ಕುರ್ಚಿಯಲ್ಲಿ ಕೂತು ಅವನತ್ತ ಬಗ್ಗಿದ್ದಳು.

“ಅಷ್ಟು ಬಿಗಿಯಾಗಿ ಬೇಡಿ ಅಣ್ಣ. ಮೆತ್ತಗೆ.”

“ಇಂಗಾ?”

“ಹ್ಞೂಂ, ಅಂಗೆ. ಇನ್ನೊಂದ್ಸಲ.”

ತೇಜಸ್ವಿನಿ ಕೆಮ್ಮಿದಳು. ಶೃತಿ ಕೈ ಬಿಟ್ಟಳು. ತಿಮ್ಮರಾಜು ದಡಬಡಿಸಿ ಎದ್ದು ಸ್ಕ್ರೂಡ್ರೈವರನ್ನು ಹುಡುಗಿಯತ್ತ ಚಾಚಿದ.

“ತಗೋ, ನೀನೇ ಮಾಡು ನೋಡಣ. ಎಷ್ಟು ಸಲ ಹೇಳ್ಕೊಡೋದು ನಿಂಗೆ?”

ಶೃತಿ ತುಟಿಯಂಚಿನಲ್ಲಿ ನಕ್ಕಳು. ಬೈಸಿಕೊಂಡವರು ಹಾಗೆ ನಗುವುದಿಲ್ಲ. ತೇಜಸ್ವಿನಿ ಡಬ್ಬಿ ಇಟ್ಟು ಹೊರಬಿದ್ದಳು.

ಮಾವ ರೇಣುಕಯ್ಯ ಆಫೀಸು ಮೆಷಿನ್ ರಿಪೇರಿಯಲ್ಲಿ ಮಧುಗಿರಿಗೆಲ್ಲ ಹೆಸರಾಗಿದ್ದವರು. ಅವರು ತೀರಿಕೊಂಡ ಮೇಲೆ ತಿಮ್ಮರಾಜು ಖಾಸಗಿ ಬಸ್ಸಿನ ಕಂಡಕ್ಟರ್ ಕೆಲಸ ಬಿಟ್ಟು ಅಂಗಡಿಯಲ್ಲಿ ಕೂತ. “ಅಪ್ಪನ ಕೈ ಮಗನಿಗೆ ಬರ್ದೆ ಇರ್ತದಾ?” ಎಂದು ಅತ್ತೆ ಮಾರಕ್ಕ ಬೀದಿಗೆಲ್ಲ ಹೇಳಿಕೊಂಡು ಬಂದಳು. ಆದರೂ ಮೊದಮೊದಲು ಅವನಿಗೆ ಕೆಲಸದಲ್ಲಿ ಮನಸ್ಸಿರಲಿಲ್ಲ. ಬಂದ ಮೆಷಿನ್ನುಗಳು ಬಟ್ಟೆ ಹೊದ್ದು ಮೂಲೆ ಸೇರುತ್ತಿದ್ದವು.

ಆಮೇಲೆ ಶಿರಾದಿಂದ ಶೃತಿ ಬಂದಳು. “ಏನೂ ಬರಲ್ಲ, ಕೆಲಸ ಕಲಿಯಕ್ಕೆ ಬಂದವ್ಳೆ” ಎಂದು ಅವನು ಮನೆಯಲ್ಲಿ ಹೇಳಿದ. ಅಂದಿನಿಂದ ಮೂಲೆಯಲ್ಲಿ ಒಂದು ಮೆಷಿನ್ನೂ ಉಳಿಯಲಿಲ್ಲ. ಗಂಡನಿಗೆ ಹುರುಪು ಬಂದಿತ್ತು. ಅದು ಯಾರಿಂದ ಬಂತೆಂದು ತಿಳಿಯಲು ತೇಜಸ್ವಿನಿ ಬಿ.ಕಾಂ. ಓದಬೇಕಾಗಿರಲಿಲ್ಲ.

ಸಂಜೆ ಅವನು ಮೊಣಕೈವರೆಗೆ ಟೋನರ್ ಪುಡಿಯ ಕಪ್ಪು ಮೆತ್ತಿಕೊಂಡು ಬರುತ್ತಿದ್ದ. ಶೃತಿಯಾದರೋ ಮಲ್ಲಿಗೆ ಮುಡಿದು, ಉಗುರಿಗೂ ಕಪ್ಪು ತಾಕದೆ ಬಸ್ ಸ್ಟ್ಯಾಂಡಿಗೆ ನಡೆಯುತ್ತಿದ್ದಳು. ಕಲಿಯಲು ಬಂದವಳ ಕೈ ಕೊಳೆಯಾಗಬಾರದೆಂದು ಅವಳ ಪಾಲಿನದನ್ನೂ ಇವನೇ ಮಾಡುತ್ತಿದ್ದನಲ್ಲ! ಮನೆಯಲ್ಲಿ ಒಂದು ಲೋಟ ಎತ್ತಿಡದವನು.

ಮಾರಕ್ಕ ಸುಮ್ಮನಿರುವವಳಲ್ಲ. “ನೀನು ಡಬ್ಬಿ ಹೊರು ಕಣಮ್ಮ. ಪುರವರದ ಸ್ಕೂಲಿಂದ ರಿಪೇರಿಗೆ ಫೋನ್ ಬಂದ್ರೂ ನನ್ ಮಗ ಆ ಹುಡ್ಗೀನ ಗಾಡಿ ಹಿಂದೆ ಕೂರ್ಸ್ಕೊಂಡೇ ಹೋಗ್ತವ್ನೆ.”

“ಕೆಲಸ ಕಲಿಸಬೇಕಲ್ಲ ಅತ್ತೆ.”

“ಕಲಿಸ್ತಾನೆ, ಕಲಿಸ್ತಾನೆ” ಎಂದು ಮಾರಕ್ಕ ಎಲೆಗೆ ಸುಣ್ಣ ಸವರಿದಳು.

ಪಾವಗಡದ ಒಂದು ಸಹಕಾರ ಸಂಘದಲ್ಲಿ ಕೆಟ್ಟುಹೋದ ಮೆಷಿನ್ ಒಂದನ್ನು ಎಲ್ಲರೆದುರು ರಿಪೇರಿ ಮಾಡಿ ತೋರಿಸಬೇಕಿತ್ತು. ಮೆಚ್ಚಿದರೆ ಶಿರಾ, ಕೊರಟಗೆರೆಯೂ ಸೇರಿ ಅವರ ಎಲ್ಲ ಶಾಖೆಗಳ ಕೆಲಸ ತಿಮ್ಮರಾಜುವಿನ ಅಂಗಡಿಗೆ. ಅದು ಸಿಕ್ಕರೆ ಮನೆ ನಡೆದಂತೆ. ಇಷ್ಟು ತೇಜಸ್ವಿನಿಗೆ ಗೊತ್ತಿತ್ತು. ಗೊತ್ತಿಲ್ಲದ್ದನ್ನು ಹಿಂದಿನ ದಿನ ಸಂಜೆ, ಅರ್ಧ ಎಳೆದ ಷಟರಿನ ಹೊರಗೆ ನಿಂತು ಕೇಳಿಸಿಕೊಂಡಳು.

“ಮನೇಲಿ ಹೇಳ್ಬುಡಿ ಅಣ್ಣ. ಎಷ್ಟು ದಿನ ಅಂತ ಮುಚ್ಚಿಡ್ತೀರಾ?”

“ಬ್ಯಾಡ ಕಣಮ್ಮ. ಗೊತ್ತಾದ್ರೆ ಊರಲ್ಲಿ ತಲೆ ಎತ್ತಂಗಿಲ್ಲ. ನಾಳೆ ಪಾವಗಡದ್ದು ಆಗ್ಬುಡ್ಲಿ. ಅಲ್ಲೇ ಒಂದು ರೂಮ್ ಹಿಡಿಯಣ. ಅಲ್ಲಿ ನಮ್ಮನ್ನ ಯಾರೂ ನೋಡಲ್ಲ.”

ತೇಜಸ್ವಿನಿ ಸದ್ದಿಲ್ಲದೆ ಹಿಂದೆ ಸರಿದಳು. ತಲೆ ಚುರುಕಾಗಿತ್ತು. ಜಗಳವಾಡಿದರೆ ಗಂಡ ಅವಳ ಕಡೆ ಇನ್ನೂ ವಾಲುತ್ತಾನೆ. ಅದರ ಬದಲು, ಶೃತಿಗೆ ಏನೂ ಬಾರದೆಂಬುದು ನಾಳೆ ಹತ್ತು ಜನರೆದುರು ಬಯಲಾಗಲಿ. ಅವಮಾನಕ್ಕೆ ಅವಳೇ ಶಿರಾದ ಬಸ್ ಹತ್ತುತ್ತಾಳೆ. ಕೆಲಸ ಗಂಡನಿಗೆ ಸಿಕ್ಕೇ ಸಿಗುತ್ತದೆ.

ಸಂಘದ ಮ್ಯಾನೇಜರ್ ಕಾಡಸಿದ್ದಪ್ಪನ ನಂಬರನ್ನು ಅವಳು ಗಂಡನ ಮೊಬೈಲಿನಿಂದ ತೆಗೆದುಕೊಂಡಳು. ಹಿತ್ತಿಲಿಗೆ ಹೋಗಿ ತನ್ನ ಫೋನಿನಿಂದ ಮಾತಾಡಿದಳು. ಹುಡುಗಿಯ ಹೆಸರೆತ್ತಲಿಲ್ಲ. ಎತ್ತಿದರೆ ಹೊಟ್ಟೆಕಿಚ್ಚಿನ ಮಾತಿನಂತೆ ಕೇಳಿಸುತ್ತದೆ.

“ನಾಳೆ ಮಧುಗಿರಿಯಿಂದ ರಿಪೇರಿಗೆ ಇಬ್ಬರು ಬರುತ್ತಾರೆ ಸರ್. ಅವರಲ್ಲಿ ಒಬ್ಬರಿಗೆ ಕೆಲಸ ಗೊತ್ತಿಲ್ಲ. ಇನ್ನೊಬ್ಬರ ನೆರಳಿನಲ್ಲಿ ನಡೆಯುತ್ತಿದೆ. ಇಬ್ಬರನ್ನೂ ಬೇರೆ ಬೇರೆ ಕೂರಿಸಿ ನೋಡಿ.”

“ಯಾರಮ್ಮ ತಾವು?”

“ನಿಮಗೆ ಮೋಸ ಆಗಬಾರದು ಅನ್ನುವವಳು.”

ಬೆಳಿಗ್ಗೆ ಗಾಡಿ ಹತ್ತುವಾಗ ತಿಮ್ಮರಾಜುವಿನ ಕೈಯಿಂದ ಕೀಲಿ ಎರಡು ಸಲ ಜಾರಿತು. ಕಳ್ಳತನಕ್ಕೆ ಹೊರಟವನ ಕೈ, ಅಂದುಕೊಂಡಳು ತೇಜಸ್ವಿನಿ.

“ಒಳ್ಳೇದಾಗ್ಲಿ ಅನ್ನು ತೇಜು.”

“ನ್ಯಾಯವಾದದ್ದೇ ಆಗಲಿ.”

ಅವನು ಟೂಲ್ ಚೀಲ ಹೆಗಲಿಗೇರಿಸಿದ. ಗಾಡಿ ಶುರು ಮಾಡಿ ಹೊರಟ.

ಮಧ್ಯಾಹ್ನ ಮುದ್ದೆಗೆ ಎಸರಿಟ್ಟಿದ್ದಾಗ ಫೋನ್ ಬಂತು. ಕಾಡಸಿದ್ದಪ್ಪ.

“ನಿನ್ನೆ ಮಾತಾಡಿದ್ದು ತಾವೇ ತಾನೇ? ಬಲೇ ಒಳ್ಳೇ ಕೆಲಸ ಮಾಡಿದ್ರಿ ಕಣಮ್ಮ. ತಾವು ಹೇಳ್ದಂಗೇ ಒಬ್ಬೊಬ್ರಿಗೆ ಒಂದೊಂದು ಕೆಟ್ಟ ಮೆಷಿನ್ ಕೊಟ್ಟು ಬೇರೆ ಬೇರೆ ಕೂರ್ಸಿದ್ವಿ.”

ತೇಜಸ್ವಿನಿಗೆ ತಡೆಯಲಾಗಲಿಲ್ಲ. “ಅತ್ತಳಾ ಸರ್?”

“ಯಾರು, ಆ ಹುಡುಗೀನಾ? ಆಯಮ್ಮ ಯಾಕೆ ಅಳ್ತಾಳೆ? ಚಾ ಆರೋದ್ರೊಳಗೆ ಮೆಷಿನ್ ಓಡಿಸ್ಬುಟ್ಳು. ಎಲ್ಲಾ ಶಾಖೆ ಕೆಲಸಾನೂ ಆಯಮ್ಮನ ಹೆಸರಿಗೇ ಬರ್ಕೊಟ್ವಿ. ಬಿಚ್ಚಿದ್ದನ್ನ ತಿರುಗಿ ಜೋಡಿಸಕ್ಕೆ ಬರ್ದೆ ಬೆವರ್ತಾ ಕೂತಿದ್ದದ್ದು ಆ ತಿಮ್ಮರಾಜು.”

ಒಲೆಯ ಮೇಲೆ ನೀರು ಕುದಿಯುತ್ತಿತ್ತು.

“ಕೊನೇಗೆ ಆಯಪ್ಪನೇ ಒಪ್ಕೊಂಡ, ಪಾಪ. ಅವರಪ್ಪನ ಹೆಸರು ಕೆಡಬಾರ್ದು ಅಂತ ಮನೇಲೂ ಹೇಳಿಲ್ವಂತೆ, ಇಲ್ಲೇ ಗುಟ್ಟಾಗಿ ಒಂದು ರೂಮ್ ಹಿಡಿಯೋನಿದ್ನಂತೆ. ಇಷ್ಟು ದಿನಾನೂ ಆಯಪ್ಪನಿಗೆ ಆ ಹುಡುಗೀನೇ ಕೆಲಸ ಕಲಿಸ್ತಿದ್ದಿದ್ದು.”