ಬಿಳಿ ಪೆಟೂನಿಯಾ

“ಇದು ದೀಕ್ಷಿತಾಳ ಗಿಡ ಅಲ್ಲ ಸರ್. ಅವಳದ್ದು ಕಡು ನೇರಳೆ ಹೂ ಬಿಡ್ತದೆ ಅಂದಿದ್ದಳು,” ಎಂದು ಪ್ರಫುಲ್ಲಾ ಕುಂಡವನ್ನು ಹಿಂದಕ್ಕೆ ತಳ್ಳಿದರು.

ಪ್ರೊಫೆಸರ್ ವೆಂಕಟಕೃಷ್ಣರು ಹಸಿರುಮನೆಯ ಬಾಗಿಲಲ್ಲಿ ನಿಂತಿದ್ದರು. ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದ ದೀಕ್ಷಿತಾ ಇಲಿಜ್ವರದಿಂದ ತೀರಿಕೊಂಡು ಎರಡು ವಾರವೂ ಆಗಿರಲಿಲ್ಲ. ಅವಳ ತಾಯಿ ಪ್ರಫುಲ್ಲಾ ಹೊಸಂಗಡಿಯಿಂದ ಬಸ್ಸು ಹತ್ತಿ ಕಾಸರಗೋಡಿಗೆ ಬಂದದ್ದು ಈ ಒಂದು ಪೆಟೂನಿಯಾ ಗಿಡಕ್ಕಾಗಿ.

“ಅವಳದ್ದೇ ಅಮ್ಮಾ. ಹೂ ಬಿಳಿ ಬಿಟ್ಟಿದೆ, ಅಷ್ಟೆ.”

“ಅವಳು ಹೋದ ಬೇಜಾರಿಗಾ?”

ವೆಂಕಟಕೃಷ್ಣರ ಬಳಿ ಇದಕ್ಕೆ ಉತ್ತರವಿತ್ತು, ಇಲ್ಲದಿದ್ದರೇ ಚೆನ್ನಾಗಿತ್ತು. “ಅಲ್ಲ. ಬಣ್ಣ ಇನ್ನೂ ಗಾಢ ಆಗಲಿ ಅಂತ ಅವಳು ಬಣ್ಣದ್ದೇ ಜೀನ್ ಇನ್ನೊಂದು ಸೇರಿಸಿದ್ದಳು. ಅತಿಯಾದರೆ ಅಮೃತವೂ ವಿಷ ಅಂತ ಹೇಳ್ತಾರಲ್ಲ? ಗಿಡ ಅದನ್ನು ರೋಗ ಅಂತ ತಿಳಿದು, ಒಳಗೇ ಸಣ್ಣ ಸಣ್ಣ ಆರ್‌ಎನ್‌ಎ ಚೂರುಗಳನ್ನು ಮಾಡಿಕೊಂಡಿತು. ಬಣ್ಣ ಮಾಡು ಅಂತ ಜೀನ್ ಕಳಿಸುವ ಸುದ್ದಿಯನ್ನು ಆ ಚೂರುಗಳು ಹುಡುಕಿ ಕತ್ತರಿಸಿ ಹಾಕ್ತವೆ. ಹೊಸ ಜೀನಿನ ಸುದ್ದಿಯೂ ಹೋಯ್ತು, ಮೊದಲಿದ್ದದ್ದರ ಸುದ್ದಿಯೂ ಹೋಯ್ತು.”

“ಹಾಗಾದ್ರೆ ಆ ಜೀನ್ ಸತ್ತಿತಾ?”

“ಇಲ್ಲ, ಒಳಗೆ ಉಂಟು. ಅದರ ಸುದ್ದಿ ಹೂವಿಗೆ ಮುಟ್ಟುವುದಿಲ್ಲ. ಕೆಲವು ಸಲ ಬೀಜ ಹಾಕಿದರೆ ಮರಿಗಿಡದಲ್ಲಿ ನೇರಳೆ ಪುನಃ ಬರುವುದುಂಟು.”

ಅಷ್ಟು ಹೇಳಬಾರದಿತ್ತು. ಪ್ರಫುಲ್ಲಾ ಕುಂಡವನ್ನು ಎಳೆದು ಎದೆಗವಚಿಕೊಂಡರು. “ನಾಡಿದ್ದು ಅವಳ ಬೊಜ್ಜ, ಉತ್ತರಕ್ರಿಯೆ. ಇಷ್ಟದ್ದನ್ನೆಲ್ಲ ಅವಳ ಎಲೆಗೆ ಬಡಿಸ್ತೇವೆ. ಇದನ್ನೂ ಹತ್ತಿರ ಇಟ್ಟು, ಆಮೇಲೆ ಬೀಜ ಹಾಕ್ತೇನೆ ಸರ್.”

ಜೀನ್ ಬದಲಿಸಿದ ಗಿಡದ ಒಂದು ಬೀಜವೂ ಆ ಬಾಗಿಲು ದಾಟುವಂತಿರಲಿಲ್ಲ. ಕೆಲಸ ಮುಗಿದ ಗಿಡವನ್ನು ಸುಡಲೇಬೇಕು. ಸತ್ತವಳ ಗಿಡವೆಂದು ಕಾನೂನಿಗೇನು ಕರುಣೆಯೇ? “ಕೊಂಡುಹೋಗಲಿಕ್ಕೆ ಆಗುವುದಿಲ್ಲ ಅಮ್ಮಾ. ಇವತ್ತು ಸಂಜೆ ಇದನ್ನು ಸುಡ್ತಾರೆ,” ಎಂದು ವೆಂಕಟಕೃಷ್ಣರು ನೆಲ ನೋಡುತ್ತ ಹೇಳಿದರು. ತಮ್ಮ ದನಿ ತಮಗೇ ಹೇಸಿಗೆಯೆನಿಸಿತು.

ಪ್ರಫುಲ್ಲಾ ಅಳಲಿಲ್ಲ, ಜಗಳಕ್ಕೂ ನಿಲ್ಲಲಿಲ್ಲ. ಬಿಳಿ ಎಸಳುಗಳನ್ನು ಒಂದೊಂದಾಗಿ ಸವರಿದರು. ಆಮೇಲೆ ಸುಡುವ ಒಲೆ ಎಲ್ಲಿದೆಯೆಂದು ಕೇಳಿದರು.

“ಇಲ್ಲಿ ಕೊಡಿ,” ವೆಂಕಟಕೃಷ್ಣರು ಕೈಚಾಚಿದರು. “ನೀವು ಅದನ್ನೆಲ್ಲ ನೋಡುವುದು ಬೇಡ.”

ಪ್ರಫುಲ್ಲಾ ಕುಂಡ ಬಿಡಲಿಲ್ಲ.

“ಅವತ್ತು ಮನೆಯವರೂ ಹಾಗೇ ಹೇಳಿದ್ರು ಸರ್. ಹೆಂಗಸರು ಬರಬಾರದು ಅಂತ ಮಗಳ ಚಿತೆಯ ಹತ್ತಿರ ನನ್ನನ್ನು ಬಿಡಲಿಲ್ಲ. ಇದಕ್ಕೆ ಬೆಂಕಿ ನಾನು ಕೊಡ್ತೇನೆ.”